ಒಂಬತ್ತು ಉಸಿರಿನ ಮೌನ

ಅಣ್ಣ ಬಸ್ಸಿನಲ್ಲಿ ಅದೇ ಪ್ರಶ್ನೆಯನ್ನು ಮೂರನೆಯ ಸಲ ಕೇಳಿದಾಗ ತಮ್ಮನಿಗೆ ಸಂತೋಷವಾಯಿತು. ಆಗಿದ್ದು ಸಂತೋಷ ಎಂದು ತಿಳಿದ ಕೂಡಲೇ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡ. "ಇವತ್ತು ಮಧ್ಯಾಹ್ನದ ಆಟಾನೋ ಸಾಯಂಕಾಲದ್ದೋ?" "ಮಧ್ಯಾಹ್ನದ್ದು ಅಣ್ಣ." "ಓ, ಅದಕ್ಕೇ ಇಷ್ಟು ಬಿಸಿಲು," ಎಂದು ಅಣ್ಣ ತನ್ನ ಮಾತಿಗೆ ತಾನೇ ನಕ್ಕ. ಮೊದಲೆರಡು ಸಲವೂ ಹೀಗೆಯೇ ನಕ್ಕಿದ್ದ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, ಗುರುತು ಹಿಡಿದು, ಪಕ್ಕದಲ್ಲಿದ್ದ ಮಗಳ ಮೊಣಕೈ ತಿವಿದು, "ಪಂಡಿತರು ಕಣೇ, ನಾಟಕದ ಪಂಡಿತರು," ಎಂದು ಪಿಸುಗುಟ್ಟಿದಳು. ಅಣ್ಣ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ಆ ಹೆಂಗಸಿನ ಕಣ್ಣು ಅಣ್ಣನ ಮೇಲಿಂದ ಜಾರಿ ಒಂದು ಕ್ಷಣ ಇವನ ಮೇಲೂ ನಿಂತಿತು. ಯಾರೂ ಅಲ್ಲವೆಂದು ಖಚಿತವಾದ ಮೇಲೆ ಹಿಂದಕ್ಕೆ ಹೋಯಿತು. ಹದಿನಾರು ವರ್ಷ ಅಣ್ಣನ ಪಕ್ಕದಲ್ಲಿ ಕೂತು ಬಂದವನಿಗೆ ಜನರ ಕಣ್ಣು ಹೇಗೆ ಜಾರುತ್ತದೆ ಎಂಬುದು ಚೆನ್ನಾಗಿ ಗೊತ್ತು, ಅದರ ನೋವು ಎಂದೋ ಸವೆದುಹೋಗಿತ್ತು. ಆದರೆ ಈಗ ಬಂದುಹೋದ ಆ ಸಂತೋಷ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಕೂತುಬಿಟ್ಟಿತು, ನಾಲಿಗೆ ಹೋಗಿ ಹೋಗಿ ಅದನ್ನೇ ಮುಟ್ಟಿತು. ಮರೆಯುತ್ತಿದ್ದಾನೆ. ಎಂದಿಗಿಂತ ಜಾಸ್ತಿ ಮರೆಯುತ್ತಿದ್ದಾನೆ. ಅದೂ ಇವತ್ತೇ.

ಅಣ್ಣ ನಟ, ಅವನು ಪ್ರಾಂಪ್ಟರ್, ನಟರು ಮರೆತ ಸಾಲನ್ನು ಮರೆಯಿಂದ ಪಿಸುಗುಟ್ಟುವವನು. ಊರಿನ ಹಳೆಯ ರಂಗಮಂದಿರದಲ್ಲಿ ಹದಿನಾರು ವರ್ಷದಿಂದ ನಿಲ್ಲದೆ ನಡೆಯುತ್ತಿರುವ ಒಂದು ಸಂಗೀತ ನಾಟಕದಲ್ಲಿ ಅಣ್ಣನದು ಪಂಡಿತನ ಪಾತ್ರ. ಕಥೆ ಮಹಾ ದೊಡ್ಡದೇನಲ್ಲ, ಅಜ್ಜಿ ಮೊಮ್ಮಗನಿಗೆ ತಲೆ ಸವರುತ್ತ ಹೇಳಿ ಮುಗಿಸುವಷ್ಟು. ಒಬ್ಬ ಪಂಡಿತ ಇದ್ದ. ನಲವತ್ತು ವರ್ಷ ಓದಿ ಓದಿ ಕಣ್ಣು ನೋಯಿಸಿಕೊಂಡ. ಓದಿದ್ದು ತಲೆಯಲ್ಲಿ ತುಂಬಿ ನಿದ್ದೆಗೆ ಜಾಗವಿಲ್ಲದಂತಾಯಿತು. ಒಂದು ದಿನ, ಮೇಲಿನಿಂದ ತಳ್ಳಿಸಿಕೊಂಡು ಬಿದ್ದ ಒಬ್ಬ ದೇವದೂತ, ರೆಕ್ಕೆಯ ಅಂಚು ಇನ್ನೂ ಹೊಗೆಯಾಡುತ್ತಿರುವಾಗಲೇ, ಅವನ ಕಿಟಕಿಯಿಂದ ಒಳಗೆ ಬಂದ. ಪಂಡಿತನಿಗೆ ಅವನು ತೋರಿಸಿದ ಆಸೆ ಮರೆವಿನದು. ಓದಿದ್ದೆಲ್ಲ ಮರೆಸುತ್ತೇನೆ, ಮಗುವಿನ ಹಾಗೆ ಮಲಗುತ್ತೀಯೆ, ಪ್ರತಿಯಾಗಿ ನೀನು ಮಲಗುವ ಮುಂಚೆ ಕರೆಯುತ್ತಿದ್ದೆಯಲ್ಲ, ಆ ದೇವರ ಹೆಸರನ್ನು ಬರೆದುಕೊಡು, ಅದನ್ನೂ ಮರೆತುಬಿಡು ಎಂದ. ಪಂಡಿತ ಲೇಖನಿ ಹಿಡಿದು ತಲೆಯೆತ್ತುತ್ತಾನೆ. "ಮೇಲಿರುವವನೇ, ಒಂದು ಮಾತು. ಬೇಡ ಅನ್ನು, ಲೇಖನಿ ಕೆಳಗಿಡುತ್ತೇನೆ." ಆಮೇಲೆ ಮೌನ. ಪಿಟೀಲುಗಳೂ ನಿಲ್ಲುತ್ತವೆ. ಮೇಲಿನಿಂದ ಏನೂ ಕೇಳಿಸುವುದಿಲ್ಲ. "ಸರಿ. ಎಲ್ಲಿ ಬರೆಯಲಿ?" ಎಂದು ಪಂಡಿತ ಕೇಳಿದಾಗ ಸಭೆಯಲ್ಲಿ ಕೂತ ಗಟ್ಟಿಗರೂ ಕಣ್ಣೊರೆಸಿಕೊಳ್ಳುತ್ತಾರೆ. ಆ ಮೌನಕ್ಕಾಗಿಯೇ ಜನ ಎರಡೆರಡು ಸಲ ಬರುತ್ತಿದ್ದರು. ನಾಟಕ ಬರೆದವರು ಅದನ್ನು ಬರೆದಿರಲಿಲ್ಲ, ಅಣ್ಣ ಕಂಡುಕೊಂಡಿದ್ದ. ಅದು ಒಂಬತ್ತು ಉಸಿರು ಎಂದು ಎಣಿಸಿಟ್ಟಿದ್ದು ಮಾತ್ರ ತಮ್ಮ.

ಎಡಗಡೆಯ ಸೈಡ್‌ವಿಂಗಿನಲ್ಲಿ, ಪರದೆಯ ಮಡಿಕೆಗೆ ಒತ್ತಿಕೊಂಡು, ಅವನ ಸ್ಟೂಲು. ತೊಡೆಯ ಮೇಲೆ ನಾಟಕದ ಪುಸ್ತಕ, ಮೇಲೆ ಬಟ್ಟೆ ಸುತ್ತಿದ ಸಣ್ಣ ದೀಪ. ಸಾಲು ಕೊಡುವುದಕ್ಕೆ ಅಲ್ಲಿ ನಿಯಮವಿತ್ತು. ನಟ ಕೇಳದೆ ಕೊಡಬಾರದು. ಕೇಳುವುದೆಂದರೆ ಎಡಗೈಯ ಹೆಬ್ಬೆರಳು ಕಿರುಬೆರಳನ್ನು ಮುಟ್ಟಬೇಕು, ಅದೇ ಗುರುತು. ಸಾಲಿನ ಮೊದಲ ಎರಡು ಶಬ್ದ ಸಾಕು, ಅದೂ ಗಂಟಲಿನಿಂದಲ್ಲ, ತುಟಿಯಿಂದ. ಕೊಟ್ಟ ಸಾಲಿನ ಅಂಚಿನಲ್ಲಿ ಪೆನ್ಸಿಲಿನ ಒಂದು ಗೀಟು. ಕೊಟ್ಟರೂ ನಟ ಎತ್ತಿಕೊಳ್ಳದಿದ್ದರೆ ಆ ಗೀಟಿನ ಸುತ್ತ ಒಂದು ಸೊನ್ನೆ. ಪ್ರಯೋಗ ಮುಗಿದ ಮೇಲೆ ನಿರ್ದೇಶಕಿ ಪುಸ್ತಕ ತರಿಸಿಕೊಂಡು ಅಂಚುಗಳನ್ನು ನೋಡುತ್ತಿದ್ದರು. ಹೊತ್ತಿಗೆ ಸರಿಯಾಗಿ ಬಂದು ಹೊತ್ತಿಗೆ ಸರಿಯಾಗಿ ಸಿಟ್ಟಾಗುವ ಅವರನ್ನು ಎಲ್ಲರೂ ಬೆನ್ನ ಹಿಂದೆ ಗಡಿಯಾರಮ್ಮ ಎನ್ನುತ್ತಿದ್ದರು. ಕಳೆದೊಂದು ವರ್ಷದಿಂದ ಅಣ್ಣ ಸಾಲುಗಳ ಜೊತೆಗೆ ಆ ಬೆರಳಿನ ಗುರುತನ್ನೂ ಮರೆತಿದ್ದ. ಹಾಗಾಗಿ ತಮ್ಮನೇ ಕಾಯುವುದನ್ನು ಬಿಟ್ಟ. ಅಣ್ಣನಿಗೆ ಬೇಕಾಗುವ ಅರ್ಧ ಉಸಿರು ಮುಂಚೆಯೇ, ಪ್ರತಿಯೊಂದು ಸಾಲನ್ನೂ, ಮೊದಲಿನಿಂದ ಕೊನೆಯವರೆಗೆ ಕೊಡತೊಡಗಿದ. ಅಂಚಿನಲ್ಲಿ ಒಂದು ಗೀಟನ್ನೂ ಹಾಕಲಿಲ್ಲ. "ನಿನ್ನ ಪುಸ್ತಕ ನೋಡಿದ್ರೆ ಇವರು ಈ ವರ್ಷ ಒಂದಕ್ಷರಾನೂ ತಪ್ಪಿಲ್ಲ," ಎಂದು ಗಡಿಯಾರಮ್ಮ ಕನ್ನಡಕದ ಮೇಲಿಂದ ಅವನನ್ನು ನೋಡಿದ್ದರು. "ಆದ್ರೂ ನನಗ್ಯಾಕೋ ಎರಡು ದನಿ ಕೇಳಿಸ್ತಿದೆಯಲ್ಲಪ್ಪ." ಮುಂದಿನ ತಿಂಗಳು ನಾಟಕ ದೊಡ್ಡ ಊರಿನ ದೊಡ್ಡ ರಂಗಮಂದಿರಕ್ಕೆ ಹೋಗುವುದಿತ್ತು. ಅಲ್ಲಿ ವೇದಿಕೆ ಅಗಲ, ಸೈಡ್‌ವಿಂಗಿನಿಂದ ಪಿಸುಗುಟ್ಟಿದ್ದು ಪಂಡಿತನ ಮೇಜಿನ ತನಕ ಮುಟ್ಟುವುದಿಲ್ಲ. ಅಣ್ಣ ಹೋಗುವುದೋ ಬೇರೆಯವರೋ ಎಂಬುದನ್ನು ಇವತ್ತು ಪ್ರೇಕ್ಷಕರ ಐದನೆಯ ಸಾಲಿನಲ್ಲಿ ಕೂತು ತೀರ್ಮಾನಿಸುತ್ತೇನೆ ಎಂದು ನಿನ್ನೆ ಎಲ್ಲರೆದುರು ಹೇಳಿದ್ದರು.

ಉಡುಪಿನ ಕೋಣೆಯಲ್ಲಿ ಅತ್ತಿಗೆ ಇಸ್ತ್ರಿ ಮಾಡುತ್ತಿದ್ದಳು. ಅವಳು ಅಲ್ಲಿಯ ದರ್ಜಿ. ಪಂಡಿತನ ಕಪ್ಪು ನಿಲುವಂಗಿಯಿಂದ ಹಿಡಿದು ದೂತನ ಸುಟ್ಟ ರೆಕ್ಕೆಯವರೆಗೆ ಎಲ್ಲ ಅವಳ ಕೈಯದು. ಅಣ್ಣ ಒಳಗೆ ಬಂದವನೇ ಕುರ್ಚಿಯಲ್ಲಿ ಕೂತು, "ಇವತ್ತು ಮಧ್ಯಾಹ್ನದ ಆಟಾನಾ?" ಎಂದ. ಅತ್ತಿಗೆ ಇಸ್ತ್ರಿಪೆಟ್ಟಿಗೆಯಿಂದ ಕಣ್ಣೆತ್ತದೆ, "ಹೌದು, ಊಟ ಆಯ್ತಲ್ಲ, ಇನ್ನು ಆಟ," ಎಂದಳು. ಮಾತಿನಲ್ಲಿ ಬೇಸರವಿರಲಿಲ್ಲ. ಅಣ್ಣ ಬಣ್ಣ ಹಚ್ಚಿಸಿಕೊಳ್ಳಲು ಪಕ್ಕದ ಕೋಣೆಗೆ ಹೋದ ಮೇಲೆ ಅವನ ಕಡೆ ತಿರುಗಿದಳು. "ಬೆಳಿಗ್ಗೆ ಹಲ್ಲುಜ್ಜಿ ಬಂದು, ನಮ್ಮಮ್ಮ ಎಲ್ಲಿ ಅಂದ್ರು ಕಣಪ್ಪ. ಹೋಗಿ ಇಪ್ಪತ್ತು ವರ್ಷ ಆಯ್ತು ಅಂತ ಹೇಳ್ಲಾ? ಅಂಗಡಿಗೆ ಹೋಗಿದಾರೆ ಅಂದೆ. ಸರಿ ಅಂತ ಕೂತ್ರು." ಅವಳು ನಿಲುವಂಗಿಯನ್ನು ಮಗುಚಿ ಹಾಕಿದಳು. "ಹಾಡು ಮಾತ್ರ ಮರೆಯಲ್ಲ ನೋಡು. ವೇದಿಕೆ ಮೇಲೆ ನಿಂತ್ರೆ ಮನುಷ್ಯ ಮನುಷ್ಯನಾಗ್ತಾರೆ. ಅದೂ ಹೋದ್ರೆ ಮನೇಲಿ ನಾನು ಯಾರ ಜೊತೆ ಇರ್ಲಿ?" ಇಸ್ತ್ರಿಯ ಬಿಸಿಗೆ ಅವಳ ಮೇಲ್ದುಟಿಯಲ್ಲಿ ಬೆವರಿತ್ತು. "ಇವತ್ತೊಂದು ದಿನ ದಾಟಿಸ್ಬಿಡು. ನಿನ್ನನ್ನ ಬಿಟ್ಟು ಯಾರನ್ನ ಕೇಳ್ಲಿ." ಆಗಲಿ ಅತ್ತಿಗೆ ಎಂದ. ಎಂದ ಮೇಲೆ, ತನ್ನ ದನಿ ಎಷ್ಟು ಸಲೀಸಾಗಿ ಬಂತು ಎಂದು ಅವನಿಗೆ ಅನ್ನಿಸಿತು. ಯಾರೋ ಕೊಟ್ಟ ಸಾಲನ್ನು ಎತ್ತಿಕೊಂಡವನ ಹಾಗೆ.

ದೂತನ ಪಾತ್ರದವನು ಕೋಣೆಗಳ ಮುಂದಿನ ಓಣಿಯಲ್ಲಿ ಗೋಡೆಗೆ ಒಂದು ರೆಕ್ಕೆ ಒರಗಿಸಿ ಲವಂಗ ಅಗಿಯುತ್ತಿದ್ದ. ನಗಿಸುವ ಮನುಷ್ಯ, ಎಲ್ಲರ ಕಷ್ಟಕ್ಕೂ ಮೊದಲು ಬರುವವನು. "ಏನು ಗುರುವೇ, ಮುಖ ಯಾಕೆ ಒಗೆದು ಹಿಂಡಿದ ಹಾಗಿದೆ? ಪಂಡಿತರು ಹೇಗಿದಾರೆ?" "ಚೆನ್ನಾಗಿದಾನೆ." "ಚೆನ್ನಾಗಿದಾರೆ! ಮೊನ್ನೆ ಚಹಾ ಕುಡೀತಾ ನನ್ನ ರೆಕ್ಕೆ ಮುಟ್ಟಿ ನೋಡಿ, ಅಯ್ಯೋ ಸುಟ್ಟಿದೆಯಲ್ರೀ, ತುಂಬಾ ನೋಯ್ತಾ ಅಂದ್ರು. ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ ಮಾರಾಯ." ಇಬ್ಬರೂ ನಕ್ಕರು. ನಗು ನಿಂತ ಮೇಲೆ ದೂತ ದನಿ ತಗ್ಗಿಸಿದ. "ವೇಷ ಹಾಕ್ಕೊಂಡು ಹೇಳ್ತಿದೀನಿ ಅಂತ ತಪ್ಪು ತಿಳೀಬೇಡ. ಒಂದು ವರ್ಷದಿಂದ ಅವರನ್ನ ಬೆನ್ನ ಮೇಲೆ ಹೊತ್ಕೊಂಡು ಓಡಾಡ್ತಿದೀಯ. ನಾನು ಮೂರು ಹೆಜ್ಜೆ ದೂರದಲ್ಲಿ ನಿಂತಿರ್ತೀನಿ, ನನಗೆಲ್ಲ ಕೇಳಿಸುತ್ತೆ. ಒಂದಿನ ಕೆಳಗಿಳಿಸಿ ನೋಡು. ನಡೆದ್ರೆ ನಡೀಲಿ. ಬಿದ್ರೆ ಎಲ್ರಿಗೂ ಗೊತ್ತಾಗ್ಲಿ. ಅವರಿಗೂ ವಿಶ್ರಾಂತಿ." ಆಗ ಅವನು ಕೇಳಬಾರದಾಗಿತ್ತು, ಕೇಳಿದ: "ಆಮೇಲೆ?" ದೂತ ಲವಂಗವನ್ನು ಇನ್ನೊಂದು ದವಡೆಗೆ ದಾಟಿಸಿದ. "ಆಮೇಲೇನು? ಇಡೀ ನಾಟಕ ಬಾಯಿಪಾಠ ಇರೋನು ಊರಲ್ಲಿ ಇನ್ನೊಬ್ಬ ಇದಾನಾ?" ಮೊದಲ ಗಂಟೆ ಹೊಡೆಯಿತು. ಅವನು ಪೆನ್ಸಿಲು ಹೆರೆಯುತ್ತ ನಿಂತ. ಚೂಪಾಗಿದ್ದ ಪೆನ್ಸಿಲನ್ನೇ ಮತ್ತೆ ಹೆರೆದ. ಆಮೇಲೆ ಎಂದು ಯಾಕೆ ಕೇಳಿದೆ? ಛೇ ಎನ್ನಬಹುದಿತ್ತು, ಸುಮ್ಮನೆ ಹೊರಟುಹೋಗಬಹುದಿತ್ತು. ಆ ಒಂದು ಶಬ್ದ ತುಟಿಯಿಂದ ಬರಲಿಲ್ಲ, ಇನ್ನೂ ಕೆಳಗಿನಿಂದ ಎಲ್ಲಿಂದಲೋ ಬಂತು.

ನಾಟಕದ ಮೊದಲ ವರ್ಷ ಅವನೂ ವೇದಿಕೆಯ ಮೇಲಿದ್ದ. ಪಂಡಿತನ ಶಿಷ್ಯ, ನಾಲ್ಕು ಮಾತು, ಅರ್ಧ ಹಾಡು. ಮೂರನೆಯ ಪ್ರಯೋಗದಲ್ಲಿ ಹಾಡಿನ ಮೇಲಿನ ಸ್ವರಕ್ಕೆ ಹತ್ತುವಾಗ ದನಿ ಬಿದಿರು ಸೀಳಿದ ಹಾಗೆ ಎರಡಾಯಿತು. ಸಭೆ ನಕ್ಕಿದ್ದು ಅವನಿಗೆ ಅಷ್ಟಾಗಿ ನೆನಪಿಲ್ಲ. ಹಿನ್ನೆಲೆಯ ಹಾಡುಗಾರ್ತಿಯರು ಅಂಗೈ ಬಾಯಿಗೊತ್ತಿ ಹಿಡಿದಾಗ ಅವರ ಭುಜಗಳು ಕುಣಿದದ್ದು ನೆನಪಿದೆ. ವಾರವೆಲ್ಲ ಓಣಿಯಲ್ಲಿ ಅವನು ದಾಟಿದಾಗ ಯಾರೋ ಆ ಸೀಳುದನಿ ತೆಗೆಯುತ್ತಿದ್ದರು. ಅಣ್ಣ ಅವನ ತೋಳು ಹಿಡಿದು ಗಡಿಯಾರಮ್ಮನ ಮುಂದೆ ನಿಲ್ಲಿಸಿ, "ಇವನು ಪಕ್ಕದಲ್ಲಿ ಪುಸ್ತಕ ಹಿಡ್ಕೊಂಡು ಕೂತಿದ್ರೆ ನನಗೆ ಧೈರ್ಯ ಮೇಡಂ," ಎಂದಿದ್ದ. ಆಗ ಅಣ್ಣ ಒಂದು ಶಬ್ದವನ್ನೂ ಮರೆಯುತ್ತಿರಲಿಲ್ಲ. ಅದು ದಯೆ ಎಂದು ಎಲ್ಲರಿಗೂ ಗೊತ್ತಿತ್ತು. ದಯೆಯ ಸ್ಟೂಲಿನ ಮೇಲೆ ಅವನು ಹದಿನಾರು ವರ್ಷ ಕೂತ. ನಲವತ್ತು ದಾಟಿದ ಮೇಲೆ ದನಿ ತಾನಾಗಿಯೇ ತಳ ಸೇರಿ ಗಟ್ಟಿಯಾಯಿತು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಪಂಡಿತನ ಹಾಡುಗಳನ್ನು ಒಂದೂ ಬಿಡದೆ ಹಾಡುತ್ತಿದ್ದ. ಒಂದು ಸಲ ಬಾಗಿಲು ತೆಗೆದಾಗ ಅತ್ತಿಗೆ ಒಗೆದ ಬಟ್ಟೆ ಹಿಡಿದು ನಿಂತಿದ್ದಳು. "ನೀನಾ? ನಿಮ್ಮಣ್ಣ ಅಂದ್ಕೊಂಡೆ," ಎಂದು ನಕ್ಕು ಹೋದಳು. ಆ ಮೂರು ಶಬ್ದಗಳನ್ನು ಅವನು ಎಷ್ಟು ವರ್ಷದಿಂದ ಬಾಯಲ್ಲಿಟ್ಟು ಚಪ್ಪರಿಸಿದ್ದಾನೆಂದರೆ, ಈಗ ಅವು ಅತ್ತಿಗೆಯ ಮಾತೇ ಅಲ್ಲ, ತನ್ನವೇ ಎನ್ನಿಸುತ್ತದೆ. ಅಪ್ಪ ಹೋದಾಗ ಶಾಲೆ ಬಿಟ್ಟು ಹಿನ್ನೆಲೆ ಹಾಡಲು ಸೇರಿದ ಹದಿನೇಳರ ಅಣ್ಣ, ಸಾಯಂಕಾಲ ಬಂದು ಮುಖದ ಬಣ್ಣವನ್ನೂ ತೊಳೆಯದೆ ತನಗೆ ಅನ್ನ ಕಲಸಿ ತುತ್ತಿಡುತ್ತಿದ್ದುದೂ ನೆನಪಿದೆ. ಅನ್ನದಲ್ಲಿ ಬಣ್ಣದ ವಾಸನೆ ಇರುತ್ತಿತ್ತು. ಈ ನೆನಪು ಬಂದರೆ ಇನ್ನೊಂದು ಹೋಗಬೇಕು. ಹೋಗಲಿಲ್ಲ, ಎರಡೂ ಒಂದೇ ಮಂಚದಲ್ಲಿ ಬೆನ್ನು ಮಾಡಿಕೊಂಡು ಮಲಗಿದವು.

ಪರದೆ ಎದ್ದಿತು. ಮೊದಲ ಅಂಕ ಎಂದಿನಂತೆ ದಾಟಿತು, ಅವನು ಕೊಡುತ್ತ ಹೋದ, ಅಣ್ಣ ಎತ್ತಿಕೊಳ್ಳುತ್ತ ಹೋದ. ಪಂಡಿತ ಪುಸ್ತಕದ ರಾಶಿಯ ನಡುವೆ ಕೂತು ಕಣ್ಣುಜ್ಜಿಕೊಂಡು, ನಿದ್ದೆಯೇ ನನ್ನ ಕಡೆ ಒಮ್ಮೆ ನೋಡು ಎಂದು ಹಾಡಿದಾಗ ಐದನೆಯ ಸಾಲಿನಲ್ಲಿ ಗಡಿಯಾರಮ್ಮ ತಲೆದೂಗುವುದು ಪರದೆಯ ಸಂದಿಯಿಂದ ಕಂಡಿತು. ನಿಜಕ್ಕೂ ಹಾಡು ಮರೆತಿರಲಿಲ್ಲ. ಹಾಡುವಾಗ ಅಣ್ಣನ ಮುಖ ದೀಪ ಹಚ್ಚಿದ ಮನೆಯ ಹಾಗೆ ಇತ್ತು, ಮಾತು ಬಂದಾಗ ಯಾರೋ ಒಂದೊಂದೇ ದೀಪ ಆರಿಸುತ್ತ ಬಂದ ಹಾಗಾಗುತ್ತಿತ್ತು. ಎರಡನೆಯ ಅಂಕ. ದೂತ ಕಿಟಕಿಯಿಂದ ಇಳಿದು ಪಂಡಿತನ ಸುತ್ತ ಸುಳಿಯುತ್ತ ಹಾಡಿದ:

ಇಳಿಸು ಪಂಡಿತ, ಇಳಿಸು ಗಂಟ,
ಎಷ್ಟು ದೂರ ಹೊತ್ತೆ?
ತೂಗಿ ನೋಡುವ ತಕ್ಕಡಿಯಿಲ್ಲ,
ಯಾರಿಗೆಂದು ಹೊತ್ತೆ?

ಹಾಡು ಮುಗಿಯಿತು. ಅವನು ಕೊಟ್ಟ, ಅಣ್ಣ ಎತ್ತಿಕೊಂಡ. "ಮೇಲಿರುವವನೇ, ಒಂದು ಮಾತು. ಬೇಡ ಅನ್ನು, ಲೇಖನಿ ಕೆಳಗಿಡುತ್ತೇನೆ." ಪಿಟೀಲುಗಳು ನಿಂತವು. ಒಂದು. ಎರಡು. ಸಭೆಯಲ್ಲಿ ಸೀರೆ ಸರಿಯುವ ಸದ್ದೂ ಇಲ್ಲ. ಐದು. ಆರು. ಏಳನೆಯ ಉಸಿರಿಗೆ ಅವನ ತುಟಿ ತಾನಾಗಿಯೇ ಒದ್ದೆಯಾಗಿ ಸಿದ್ಧವಾಯಿತು. ಎಂಟೂವರೆಗೆ ಕೊಡಬೇಕು, ಒಂಬತ್ತಕ್ಕೆ ಅಣ್ಣ ಹೇಳಬೇಕು. ಎಂಟು. ಎಂಟೂವರೆ ಬಂತು, ನಿಂತಿತು, ದಾಟಿತು. ತುಟಿ ತೆರೆದಿತ್ತು, ಸಾಲು ಹಲ್ಲಿನ ಹಿಂದೆ ಬಂದು ಕೂತಿತ್ತು, ಅವನು ಕೊಡಲಿಲ್ಲ. ಗುರುತು ಬಂದಿಲ್ಲವಲ್ಲ ಎಂದುಕೊಂಡ. ಕೇಳದೆ ಕೊಡಬಾರದು, ನಿಯಮವಿದೆ. ವರ್ಷವಿಡೀ ಮುರಿದ ನಿಯಮ ಈಗ ದೂರದ ನೆಂಟನ ಹಾಗೆ ಬಂದು ಪಕ್ಕದಲ್ಲಿ ಕೂತು ತೋಳು ಹಿಡಿದಿತ್ತು. ಹನ್ನೊಂದು. ಹನ್ನೆರಡು. ಅಣ್ಣನ ಕತ್ತು ಮೇಲಿನಿಂದ ಇಳಿದು ಮೆಲ್ಲಗೆ ಎಡಕ್ಕೆ ತಿರುಗಿತು. ಹದಿನಾರು ವರ್ಷದಲ್ಲಿ ಒಂದು ಸಲವೂ ಅಣ್ಣ ವೇದಿಕೆಯ ಮೇಲಿಂದ ಸೈಡ್‌ವಿಂಗಿನ ಕಡೆ ನೋಡಿದವನಲ್ಲ. ನೋಡಿದ. ಬಣ್ಣ ಬಳಿದ ಮುಖದೊಳಗೆ ಆ ಕಣ್ಣುಗಳು ಎಷ್ಟು ಚಿಕ್ಕವು ಎಂದು ಅವನಿಗೆ ಆಗ ತಿಳಿಯಿತು. ಅವನು ತಲೆ ತಗ್ಗಿಸಿ ಪುಸ್ತಕ ನೋಡಿದ, ಎಲ್ಲಿದ್ದೇವೆಂದು ಹುಡುಕುವವನ ಹಾಗೆ ಬೆರಳಾಡಿಸಿದ. ಮತ್ತೆ ಕಣ್ಣೆತ್ತಿದಾಗ ಅಣ್ಣನ ಎಡಗೈ ಮೇಜಿನಿಂದ ಎದ್ದಿತ್ತು. ಹೆಬ್ಬೆರಳು ತಡವರಿಸಿತು, ಉಂಗುರದ ಬೆರಳನ್ನು ಮುಟ್ಟಿತು, ಅಲ್ಲ ಎಂದು ಗೊತ್ತಾಗಿ ಸರಿದು, ಕಿರುಬೆರಳನ್ನು ಮುಟ್ಟಿತು. ಒಂದು ವರ್ಷದಿಂದ ಮರೆತಿದ್ದ ಗುರುತು. ಎಲ್ಲಿಂದ ತೆಗೆದನೋ, ಯಾವ ಕತ್ತಲೆಯ ತಳಕ್ಕೆ ಕೈಹಾಕಿ ತೆಗೆದನೋ. ಹದಿನೈದು. ಈಗ ನಿಯಮವೂ ಎದ್ದು ಹೋಯಿತು, ಅವನೊಬ್ಬನೇ ಉಳಿದ. ಹದಿನಾರು. ಹದಿನೇಳು. ತುಟಿಯಲ್ಲಿ ಎರಡು ಶಬ್ದ. ದೇವರೇ, ಎಂದುಕೊಂಡ, ಅದು ಕೊಡಿಸು ಎಂದೋ ತಡೆ ಎಂದೋ ಅವನಿಗೇ ಗೊತ್ತಿರಲಿಲ್ಲ.

ಇಪ್ಪತ್ತರ ಹೊತ್ತಿಗೆ ಬಾಲ್ಕನಿಯಲ್ಲಿ ಯಾರೋ ಕೆಮ್ಮಿದರು, ಇನ್ನಾರೋ ಸಣ್ಣಗೆ ನಕ್ಕರು. ಆ ನಗುವಿಗೆ ಅಣ್ಣನ ಭುಜ ಸ್ವಲ್ಪ ಕುಗ್ಗಿತು, ಬಯ್ಯಿಸಿಕೊಂಡ ಶಾಲೆಯ ಹುಡುಗನ ಹಾಗೆ. ಅಣ್ಣನ ಬೆರಳುಗಳು ಇನ್ನೂ ಕೂಡಿಕೊಂಡೇ ಇದ್ದವು. ಇಪ್ಪತ್ತಮೂರಕ್ಕೆ ದೂತ ಮುಂದೆ ಬಂದು, "ಇಳಿಸು ಪಂಡಿತ, ಇಳಿಸು ಗಂಟ," ಎಂದು ಹಾಡನ್ನು ಮತ್ತೆ ಎತ್ತಿದ, ಹಾಡುತ್ತಲೇ ಅಣ್ಣನ ಕೈಹಿಡಿದು ಕಾಗದದ ಮೇಲೆ ಲೇಖನಿ ಎಳೆಸಿದ. ಪಂಡಿತ ತಾನಾಗಿ ಬರೆಯಬೇಕಾದುದನ್ನು ದೂತ ಬರೆಸಿದ್ದಾಯಿತು. ಸಭೆಗೆ ಏನೋ ತಪ್ಪಿದೆಯೆಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಅಲ್ಲಿಂದ ಮುಂದಿನ ಎಲ್ಲ ಸಾಲುಗಳನ್ನೂ ಅವನು ಕೊಟ್ಟ, ಒಂದೂ ಬಿಡದೆ, ತುಂಬ ಸ್ಪಷ್ಟವಾಗಿ. ಕೊನೆಯ ದೃಶ್ಯದಲ್ಲಿ ಎಲ್ಲ ಮರೆತ ಪಂಡಿತ ಪುಸ್ತಕಗಳ ನಡುವೆ ಕೂತು, "ಒಂದು ಹೆಸರಿತ್ತು, ನಾಲಿಗೆಯ ತುದಿಯಲ್ಲೇ ಇತ್ತು," ಎಂದು ನಗುವಾಗ ಎಂದಿನಂತೆ ಜನ ಅತ್ತರು. ಅವನು ಮಾತ್ರ ಪುಟವನ್ನು ಹಿಂದಕ್ಕೆ ತಿರುವಿ, "ಸರಿ. ಎಲ್ಲಿ ಬರೆಯಲಿ?" ಎಂಬ ಸಾಲಿನ ಎದುರು ಒಂದು ಗೀಟು ಹಾಕಿದ. ವರ್ಷದ ಮೊದಲ ಗೀಟು. ಅದರ ಸುತ್ತ ಸೊನ್ನೆ ಬರೆದ. ಇಷ್ಟು ದುಂಡಗಿನ ಸೊನ್ನೆ ಅವನ ಕೈಯಿಂದ ಯಾವತ್ತೂ ಬಂದಿರಲಿಲ್ಲ.

ಗಡಿಯಾರಮ್ಮ ಬಣ್ಣದ ಕೋಣೆಗೇ ಬಂದರು. ಅಣ್ಣ ಕನ್ನಡಿಯ ಮುಂದೆ ಅರ್ಧ ಬಣ್ಣ ಒರೆಸಿಕೊಂಡು ಕೂತಿದ್ದ, ಒಂದು ಕೆನ್ನೆ ಪಂಡಿತನದು, ಒಂದು ತನ್ನದು. ದೂತ ಮೂಲೆಯಲ್ಲಿ ರೆಕ್ಕೆಯ ಪಟ್ಟಿ ಬಿಚ್ಚುತ್ತಿದ್ದ. "ಪುಸ್ತಕ," ಎಂದು ಕೈಚಾಚಿದರು. ನಿಂತುಕೊಂಡೇ ಪುಟ ತಿರುವಿದರು, ಸೊನ್ನೆಯ ಹತ್ತಿರ ನಿಂತರು. "ಕೊಟ್ಟೆಯಾ?" "ಕೊಟ್ಟೆ." "ಎಷ್ಟು ಸಲ?" ಕೇಳಿದ್ದಕ್ಕಿಂತ ಹೆಚ್ಚು ಹೇಳುವುದು ಸುಳ್ಳಿನ ಸ್ವಭಾವ ಇರಬೇಕು. "ಎರಡು ಸಲ ಮೇಡಂ." ಅವರು ಅಣ್ಣನ ಕಡೆ ತಿರುಗಿದರು. "ನಿಮಗೆ ಕೇಳಿಸ್ಲಿಲ್ವಾ?" ಅಣ್ಣ ಕನ್ನಡಿಯೊಳಗಿನಿಂದ ತಮ್ಮನನ್ನು ನೋಡಿದ. ಅವನು ಕಾದ. ಈಗ ಹೇಳುತ್ತಾನೆ, ಬೆರಳು ಮುಟ್ಟಿಸಿದೆ, ಇವನು ಪುಸ್ತಕ ನೋಡುತ್ತ ಕೂತಿದ್ದ ಎಂದು ಹೇಳುತ್ತಾನೆ. ಹೇಳಲಿ ಎಂದು ಅವನ ಮೈಯೆಲ್ಲ ಬೇಡಿತು, ಹೇಳದಿರಲಿ ಎಂದೂ ಬೇಡಿತು. "ಕೊಟ್ಟೇ ಇರ್ತಾನೆ," ಎಂದ ಅಣ್ಣ. "ನನ್ನ ತಮ್ಮ ಕೊಡದೆ ಇರ್ತಾನಾ ಮೇಡಂ? ನನ್ನ ಕಿವೀನೇ ಹೋಗಿರಬೇಕು ನೋಡಿ, ವಯಸ್ಸಾಯ್ತಲ್ಲ." ಎಂದೂ ಯಾರನ್ನೂ ಮುಟ್ಟದ ಗಡಿಯಾರಮ್ಮ ಅಣ್ಣನ ಭುಜದ ಮೇಲೆ ಕೈಯಿಟ್ಟರು. ಆ ಕೈಯಲ್ಲೇ ಎಲ್ಲ ತೀರ್ಮಾನವಾಗಿತ್ತು. "ತುಂಬಾ ವರ್ಷ ಹೊತ್ರಿ. ಇನ್ನು ಸ್ವಲ್ಪ ಆರಾಮ ತಗೊಳ್ಳಿ." ಬಾಗಿಲ ಹತ್ತಿರ ನಿಂತು ಅವನಿಗೆ, "ಸೋಮವಾರದಿಂದ ನೀನು ನಿಲ್ಲು. ನಿಲುವಂಗಿ ಅಳತೆ ಮಾಡ್ಸಿಕೋ," ಎಂದು ಹೋದರು. ದೂತ ರೆಕ್ಕೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಅವನ ಪಕ್ಕದಿಂದ ದಾಟುವಾಗ ನಿಂತ. ಮುಖದಲ್ಲಿ ಎಂದಿನ ತಮಾಷೆ ಇರಲಿಲ್ಲ. "ಎರಡು ಸಲಾನಾ, ಗುರುವೇ?" ಎಂದಷ್ಟೇ ಕೇಳಿ ಹೊರಗೆ ಹೋದ.

ಉಡುಪಿನ ಕೋಣೆಯ ಕಿಟಕಿಯಿಂದ ಇಳಿಬಿಸಿಲು ಬೀಳುತ್ತಿತ್ತು. ಅತ್ತಿಗೆಗೆ ಸುದ್ದಿ ಆಗಲೇ ಮುಟ್ಟಿತ್ತು, ಅತ್ತ ಗುರುತಿರಲಿಲ್ಲ. ನಿಲುವಂಗಿ ತಂದು ಅವನ ಹೆಗಲ ಮೇಲೆ ಹಾಕಿದಳು, ಒಳಗೆ ಇನ್ನೂ ಅಣ್ಣನ ಮೈಬಿಸಿ ಇತ್ತು. ಗುಂಡುಸೂಜಿಗಳನ್ನು ತುಟಿಗಳ ನಡುವೆ ಹಿಡಿದು ಬೆನ್ನ ಹಿಂದೆ ನಿಂತು ಹೊಲಿಗೆ ಒತ್ತತೊಡಗಿದಳು. ಅಣ್ಣ ಬೆತ್ತದ ಕುರ್ಚಿಯಲ್ಲಿ ಕೂತು ಖುಷಿಯಿಂದ ನೋಡುತ್ತಿದ್ದ. "ನಿನಗೆ ಚೆನ್ನಾಗಿ ಒಪ್ಪುತ್ತೆ ಕಣೋ ಮರಿ. ಕತ್ತು ಮಾತ್ರ ನೆಟ್ಟಗಿಡು. ಪಂಡಿತ ಸುಸ್ತಾಗಿರ್ತಾನೆ, ಸೋತಿರಲ್ಲ." ಆಮೇಲೆ, "ಆ ಮೌನ ಇದೆಯಲ್ಲ, ಅದನ್ನ ಎಣಿಸೋಕೆ ಹೋಗ್ಬೇಡ," ಎಂದ. "ನಾನು ಯಾವತ್ತೂ ಎಣಿಸ್ಲಿಲ್ಲ. ಕೇಳ್ಕೋತಿದ್ದೆ. ಪಂಡಿತ ಕೇಳ್ತಾನಲ್ಲ ಮೇಲಿರೋನನ್ನ ಒಂದು ಮಾತು ಅಂತ, ನಾನೂ ನಿಜವಾಗ್ಲೂ ಕೇಳ್ತಿದ್ದೆ. ಇವತ್ತೊಂದು ದಿನ ಮರೆಸಬೇಡಪ್ಪ ಅಂತ. ಕೇಳಿ ಕೇಳಿ ಸುಮ್ನೆ ನಿಂತ್ರೆ, ಮೆಲ್ಲಗೆ ಬರೋದು ಕಣೋ. ಸರಿ, ಎಲ್ಲಿ ಬರೆಯಲಿ, ಅಂತ. ಕಿವೀಲಿ ಯಾರೋ ಹೇಳಿದ ಹಾಗೆ. ದಿನಾ ಬರೋದು. ಅವನಿಗೆ ನನ್ನ ಮೇಲೆ ಎಷ್ಟು ಪ್ರೀತಿ ನೋಡು ಅಂದ್ಕೋತಿದ್ದೆ."

ಸ್ಟೂಲಿನ ಮೇಲಿಂದ ಸಾಲು ಕೊಡುವವನ ಹಾಗೆ ಅವನು ಮುಂದಕ್ಕೆ ಬಾಗಿದ. ಹೊಲಿಗೆ ಒತ್ತುತ್ತಿದ್ದ ಅತ್ತಿಗೆಯ ಬೆರಳಿಗೆ ಅದು ತಿಳಿದಿರಬೇಕು, "ನೆಟ್ಟಗೆ," ಎಂದು ಹಲ್ಲುಗಳ ನಡುವಿನಿಂದ ಅಂದಳು. ಹೇಳದೆ ಇದ್ದರೆ ಈ ಅಂಗಿ ಮೈಗೆ ಅಂಟಿಕೊಳ್ಳುತ್ತದೆ ಎನ್ನಿಸಿತು. "ಅಣ್ಣಾ." "ಏನೋ?" "ನಾನು ಕೊಡಲಿಲ್ಲ." "ಏನು ಕೊಡಲಿಲ್ಲ?" "ಸಾಲು. ನೀನು ಬೆರಳು ಮುಟ್ಟಿಸಿದೆ, ನಾನು ನೋಡಿದೆ. ನೋಡೀನೂ ಕೊಡಲಿಲ್ಲ. ಬೇಕಂತಲೇ." ಬೆನ್ನ ಹಿಂದೆ ಅತ್ತಿಗೆಯ ಕೈ ನಿಂತಿತು. ಅಣ್ಣ ಹುಬ್ಬು ಗಂಟಿಕ್ಕಿ ಯೋಚಿಸಿದ. ತುಂಬಾ ಹೊತ್ತು, ಪ್ರಾಮಾಣಿಕವಾಗಿ ಯೋಚಿಸಿದ. ಅವನು ಆ ಮುಖವನ್ನೇ ನೋಡುತ್ತ ನಿಂತ. ಸಿಟ್ಟು ಬರಲಿ, ಒಂದು ಬೈಗುಳ ಬರಲಿ, ಎದ್ದು ಕೆನ್ನೆಗೆ ಹೊಡೆಯಲಿ. ಹೊಡೆದರೆ ಆ ಕಾಲನ್ನು ಹಿಡಿಯಬಹುದು. ಅಣ್ಣನ ಹುಬ್ಬು ಸಡಿಲಾಯಿತು. "ಯಾವಾಗ?" ಎಂದ. "ಈಗ. ಇವತ್ತು. ಮಧ್ಯಾಹ್ನದ ಆಟದಲ್ಲಿ." "ಆಟ ಆಗೋಯ್ತಾ?" ಅಣ್ಣ ಕಿಟಕಿಯ ಬಿಸಿಲನ್ನು ನೋಡಿ, ಮತ್ತೆ ತಮ್ಮನ ಮೈಮೇಲಿನ ನಿಲುವಂಗಿಯನ್ನು ನೋಡಿ, ಅವನ ಸಂಕಟ ಕಂಡು ತನಗೇ ಕೆಡುಕೆನ್ನಿಸಿದವನ ಹಾಗೆ, "ಹೋಗ್ಲಿ ಬಿಡೋ," ಎಂದ. "ಅದಕ್ಯಾಕೆ ಅಷ್ಟು ಮುಖ ಸಪ್ಪೆ ಮಾಡ್ಕೋತೀಯ? ಏನು ಕೊಡ್ಬೇಕೋ ಅದನ್ನ ನಾಳೆ ಕೊಟ್ರಾಯ್ತು."

ಗೋಡೆಯ ಆಚೆ ಯಾರೋ ಕುರ್ಚಿ ಎಳೆದರು. ಅತ್ತಿಗೆ ಬೆನ್ನ ಹಿಂದಿನಿಂದ ಮುಂದೆ ಬಂದಳು. ತುಟಿಗಳ ನಡುವಿನ ಸೂಜಿಗಳನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿಗೆ ಕಟ್ಟಿದ ಮೆತ್ತೆಗೆ ಚುಚ್ಚಿದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ ಎಂಬುದನ್ನು ಅವಳ ಕಣ್ಣು ಮುಚ್ಚಿಡಲಿಲ್ಲ. ಆ ಕಣ್ಣು ಅಣ್ಣ ತಮ್ಮ ಇಬ್ಬರಲ್ಲಿ ಒಬ್ಬರನ್ನು ದಿನದಿನಕ್ಕೂ ಕಳೆದುಕೊಳ್ಳುತ್ತ ಬಂದು, ಇನ್ನೊಬ್ಬರನ್ನೂ ಈಗಷ್ಟೇ ಕಳೆದುಕೊಂಡವರ ಕಣ್ಣು. ಏನಾದರೂ ಹೇಳುತ್ತಾಳೆ ಎಂದು ಅವನು ಕಾದ. ಅವಳು ಕತ್ತಿನ ಸುತ್ತ ಹಾಕಿಕೊಂಡಿದ್ದ ಅಳತೆಯ ಟೇಪನ್ನು ತೆಗೆದು ಅವನ ಎದೆಯ ಎದುರು ಬಿಚ್ಚಿ ಹಿಡಿದಳು.

"ಕೈ ಮೇಲೆತ್ತು," ಎಂದಳು.

ಅವನು ಎರಡೂ ಕೈ ಮೇಲೆತ್ತಿ ನಿಂತ.